ನಾವೇ ತುಂಡರಿಸುವ ಹಸಿರು ತಂತಿ

ಕೃಷಿಕರ ಮನೆಯಲ್ಲಿ ಗ್ರೈಂಡರೋ ವಾಷಿಂಗ್ ಮೆಷಿನ್ನೋ ಕೆಟ್ಟರೆ ಉಳಿದದ್ದೆಲ್ಲ ಗುಜರಿಗೆ ಹೋದರೂ ಮೋಟಾರು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಕತ್ತಿ ಮಸೆಯುವ ಸಾಣೆಕಲ್ಲಿಗೋ ಸಣ್ಣ ಗರಗಸಕ್ಕೋ ಅದು ಧಾರಾಳ ಸಾಕು. ಇಂಥ ತಲೆಖರ್ಚು ನಮ್ಮಲ್ಲಿ ಬೇಕಾದ್ದೇ. ನನ್ನ ತಕರಾರು ಒಂದೇ. ಕಂಪೆನಿ ಕೊಟ್ಟ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿನ ಹಸಿರು ತಂತಿ ಇತ್ತು. ಮೋಟಾರು ಕಳಚುವಾಗ ಅದನ್ನು ನಾವೇ ತುಂಡರಿಸುತ್ತೇವೆ. ಆಮೇಲೆ ಎರಡೇ ತಂತಿ, ಎರಡು ಪಿನ್ನಿನ ಪ್ಲಗ್ಗು.

ನಾನೂ ಹಾಗೆ ಮಾಡಿದವನೇ. ಹಳೆ ಗ್ರೈಂಡರಿನ ಅರ್ಧ ಎಚ್‌ಪಿ ಮೋಟಾರನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಮೂರು ವರ್ಷ ಕತ್ತಿ ಮಸೆದೆ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಆಟಿಯ ಮಳೆಗೆ ಒಂದು ದಿನ ಬರಿಗಾಲಲ್ಲಿ ನಿಂತು ಮುಟ್ಟಿದಾಗ ಕೈ ಜುಮ್ಮೆಂದಿತು. "ಸ್ವಲ್ಪ ಬಾಡಿ ಹೊಡೀತದೆ, ಚಪ್ಪಲಿ ಹಾಕ್ಕೊಳ್ಳಿ" ಎಂದರು ಕಂಡವರು.

ಚಪ್ಪಲಿ ಪರಿಹಾರವಲ್ಲ. ತೇವ ಹಿಡಿದು, ಹಳತಾಗಿ ವೈಂಡಿಂಗಿನ ಇನ್ಸುಲೇಶನ್ ಸೋತಾಗ 230 ವೋಲ್ಟಿನ ಕರೆಂಟು ಬಾಡಿಗೆ ಸೋರುತ್ತದೆ. ಅರ್ತ್ ಇದ್ದರೆ ತಂತಿಯಲ್ಲಿ ನೆಲಕ್ಕಿಳಿಯುತ್ತದೆ. ಇಲ್ಲವಾದರೆ ನಮ್ಮ ಮೈಯಲ್ಲಿ. "ಫ್ಯೂಸ್ ಉಂಟಲ್ಲ" ಅನ್ನಬೇಡಿ. 5 ಆಂಪಿಯರಿನ ಫ್ಯೂಸ್ ಅಷ್ಟು ದಾಟದೆ ಸುಡುವುದಿಲ್ಲ. ಜೀವ ತೆಗೆಯಲು ಅದರ ನೂರನೇ ಒಂದು ಪಾಲು, 50 ಮಿಲಿ ಆಂಪಿಯರ್, ಸಾಕಾದೀತು. ಫ್ಯೂಸ್ ಕಾಯುವುದು ವೈರಿಂಗನ್ನು, ನಮ್ಮನ್ನಲ್ಲ. ಅರ್ತಿನ ಬದಲು ನ್ಯೂಟ್ರಲನ್ನೇ ಬಾಡಿಗೆ ಕೊಡುವವರೂ ಇದ್ದಾರೆ. ನ್ಯೂಟ್ರಲ್ ಎಲ್ಲಾದರೂ ತುಂಡಾಯಿತೋ, ಇಡೀ ಯಂತ್ರದಲ್ಲಿ ಕರೆಂಟು!

ಮಾಡಬೇಕಾದ್ದು ದೊಡ್ಡದೇನಲ್ಲ. ಮೂರು ಕೋರಿನ ವಯರು, ಮೂರು ಪಿನ್ನಿನ ಪ್ಲಗ್ಗು ಹಾಕಿ. ಬಣ್ಣ ಕೆರೆದು ಹಸಿರು ತಂತಿಯನ್ನು ಮೋಟಾರಿನ ಬಾಡಿಗೂ ಸ್ಟ್ಯಾಂಡಿಗೂ ಬೋಲ್ಟಿನಲ್ಲಿ ಬಿಗಿಯಿರಿ. ಸಾಕೆಟ್ಟಿನ ಅರ್ತ್ ನಿಜಕ್ಕೂ ಅರ್ತಿನ ಗುಂಡಿವರೆಗೆ ಹೋಗಿದೆಯೇ ಎಂದು ವಯರ್‌ಮನ್ನಿಂದ ನೋಡಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ಅದರ ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ನಮ್ಮ ಬಾಯಲ್ಲಿ ಇಎಲ್‌ಸಿಬಿ, ಇರಲಿ. ಅಷ್ಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಇನ್ನೊಂದು ಮಾತು. ಕೆಲಸದ ನಡುವೆ ಕರೆಂಟು ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕೀಳಿ. ಬಂದಾಗ ಮೋಟಾರು ತಾನಾಗಿ ತಿರುಗುತ್ತದೆ. ಆಗ ಗರಗಸದ ಮೇಲೆ ಯಾರ ಕೈ ಇದೆಯೋ!

ನಮ್ಮ ಯಂತ್ರವನ್ನು ನಾವೊಬ್ಬರೇ ಮುಟ್ಟುವುದಿಲ್ಲ. ಕೆಲಸದವರು ಮುಟ್ಟುತ್ತಾರೆ, ಮಕ್ಕಳು ಮುಟ್ಟುತ್ತಾರೆ. ಅದು ಬಾಡಿ ಹೊಡೆಯುವುದು ಅವರಿಗೆ ಗೊತ್ತಿರುವುದಿಲ್ಲ. ನೆರೆಯವರು ನೋಡಿ ಹಾಗೆಯೇ ಮಾಡುತ್ತಾರೆ. ಆದ್ದರಿಂದ "ಇಷ್ಟರಲ್ಲಿ ಮುಗೀತು" ಎಂದು ಹೇಳುವಾಗ, ಬರೆಯುವಾಗ, ಅರ್ತ್ ಮತ್ತು ಇಎಲ್‌ಸಿಬಿಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಕೊಡೋಣ. ಅವಿಲ್ಲದ ಯಂತ್ರ ಅಗ್ಗದ್ದಲ್ಲ, ಅರ್ಧ ಮಾಡಿ ಬಿಟ್ಟದ್ದು.