ಬ್ಯಾರೆ ತಾಟು ಯಾರಿಗೆ?

ನಮ್ಮ ಹುಣಸಗಿ ಸೀಮೆಯಲ್ಲಿ ಹೋಟೆಲಿನ ಹೊರಗಿಟ್ಟ ಬ್ಯಾರೆ ಕಪ್ಪಿನಲ್ಲಿ ಚಹಾ ಕುಡಿದವರು ನಮ್ಮ ಹಿರಿಯರು. ಬಾವಿಯ ಬಳಿ ಬೊಗಸೆ ಒಡ್ಡಿ ನಿಂತವರು. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು ಈ ಬೊಗಸೆಯ ಬಾಳು ಮುಗಿಯಲಿ ಅಂತ. ಅಂಥವರ ಮಕ್ಕಳಾದ ನಾವು ಹಾಸ್ಟೆಲಿನಲ್ಲಿ "ಅವಂಗ ಎಚ್.ಐ.ವಿ. ಐತಂತ, ಅವನ ತಾಟು ಮುಟ್ಟಬ್ಯಾಡ್ರಿ" ಅಂದರೆ, ಆ ಕಪ್ಪನ್ನು ಮತ್ತೆ ಹೊರಗಿಟ್ಟವರು ಯಾರು? ನಾವೇ.

ಒಂದೇ ತಾಟಿನಲ್ಲಿ ಉಂಡರೆ, ಕೈ ಹಿಡಿದರೆ, ಸೊಳ್ಳೆ ಕಚ್ಚಿದರೆ ಈ ಸೋಂಕು ಬರುವುದಿಲ್ಲ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿ, ತಾಯಿಯಿಂದ ಕೂಸಿಗೆ: ಅದು ಬರುವ ಹಾದಿ ಇವು.

1986ರಲ್ಲಿ ಮದರಾಸಿನಲ್ಲಿ ಪತ್ತೆಯಾದ ದಿನದಿಂದ ಇದಕ್ಕೆ 'ನಡತೆಗೆಟ್ಟವರ ರೋಗ' ಎಂಬ ಹಣೆಪಟ್ಟಿ. ಹಚ್ಚಿದವರು ಯಾರು? ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿದ ವ್ಯವಸ್ಥೆಯೇ, 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ, ರೋಗ ಬಂದಾಗ ಅವರನ್ನೇ ಕೆಟ್ಟವರು ಅಂದಿತು. ಹೊಟ್ಟೆಪಾಡಿಗೆ ಗುಳೆ ಹೋದವನಿಗೆ ಬಂದರೆ, ಮಾಡಿದ್ದುಣ್ಣೋ ಮಾರಾಯ ಅಂದಿತು. ಆ ಮಾತನ್ನು ನಾವೂ ಕಲಿತೆವು.

ಈ ನಾಚಿಕೆ ಜೀವ ತೆಗೆಯುತ್ತದೆ. ಪರೀಕ್ಷೆಗೆ ಹೋದರೆ ಊರೆಲ್ಲ ಸುದ್ದಿಯಾಗುತ್ತದೆ ಎಂದು ಅಂಜಿ ಹುಡುಗರು ಸುಮ್ಮನಿರುತ್ತಾರೆ, ರೋಗ ಸುಮ್ಮನಿರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಪರೀಕ್ಷೆ ಪುಕ್ಕಟೆ. 2004ರಿಂದ ಎ.ಆರ್.ಟಿ. ಗುಳಿಗೆಯೂ ಸರ್ಕಾರದಿಂದ ಪುಕ್ಕಟೆ. ಬೇಗ ಪತ್ತೆಯಾಗಿ ದಿನಾಲೂ ಗುಳಿಗೆ ನುಂಗಿದವರು ಓದಿ, ದುಡಿದು, ಮದುವೆಯಾಗಿ ಮುಪ್ಪಿನವರೆಗೆ ಬಾಳಬಹುದು. ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ.

ಕಾನೂನೂ ನಮ್ಮ ಕಡೆ ಇದೆ. 2017ರ ಎಚ್.ಐ.ವಿ. ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶ ಗುಟ್ಟಾಗಿಡಬೇಕು. ಸೋಂಕಿದೆ ಎಂದು ಓದು, ಕೆಲಸ, ಚಿಕಿತ್ಸೆ ತಪ್ಪಿಸುವಂತಿಲ್ಲ. 18 ತುಂಬದವರ ಪರೀಕ್ಷೆಗೆ ಪೋಷಕರ ಒಪ್ಪಿಗೆ ಕೇಳುತ್ತಾರೆ. ಆದರೆ 1097ಕ್ಕೆ ಫೋನು ಮಾಡಿ ಕೇಳಲು ಯಾರ ಒಪ್ಪಿಗೆಯೂ ಬೇಡ, ರೊಕ್ಕವೂ ಬೇಡ.

ಗೆಳೆಯರೆ, ಒಬ್ಬರೇ ಹೋಗಲು ಅಂಜಿಕೆಯಾದರೆ ಇಬ್ಬರು ಮೂವರು ಕೂಡಿ ಹೋಗ್ರಿ. ಜೋಡಿ ಬಂದವರ ಫಲಿತಾಂಶ ಏನಂತ ಕೇಳಬ್ಯಾಡ್ರಿ. ರಾತ್ರಿ ಊಟಕ್ಕೆ ಅವರ ಮಗ್ಗುಲಲ್ಲೇ ತಾಟು ಹಾಕಿಕೊಂಡು ಕೂಡ್ರಿ.

ಜೈ ಭೀಮ್.