ತೊಟ್ಟಿಲಿಗೆ ಶೇಕಡಾ ಎಷ್ಟು ಕನ್ನಡ?



ಅಂಗಡಿ ಬೋರ್ಡಿನ ಮೇಲೆ ಶೇ. 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಬೀದಿಗಿಳಿದು ಹೋರಾಡಿ ಪಡೆದ ಹಕ್ಕು ಅದು. ಬಹಳ ಸಂತೋಷ! ಆದರೆ ನಮ್ಮ ಮನೆಯ ತೊಟ್ಟಿಲಿಗೆ ಕಟ್ಟುವ ಹೆಸರಿನಲ್ಲಿ ಶೇಕಡಾ ಎಷ್ಟು ಕನ್ನಡ ಇದೆ? ಪ್ರಿಂಟಿಂಗ್ ಪ್ರೆಸ್ ನಡೆಸುವ ನಾನು ಹೇಳುತ್ತೇನೆ, ಕೇಳಿ. ಕಾರ್ಡಿನ ನೆತ್ತಿಯ ಮೇಲೆ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂಬ ಒಂದು ಸಾಲು ಕನ್ನಡ. ಅದರ ಕೆಳಗೆ ಪೂರಾ ಇಂಗ್ಲಿಷು. ದೇವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಆ ಒಂದು ಸಾಲು ಉಳಿದಿರಬೇಕು!

ಮೊನ್ನೆ ಮೂಡಲಗಿ ಕಡೆಯ ಒಬ್ಬ ತರುಣ ತನ್ನ ತಂದೆಯನ್ನು ಕರೆದುಕೊಂಡು ಗೋಕಾಕಿನ ನಮ್ಮ ಪ್ರೆಸ್ಸಿಗೆ ಬಂದಿದ್ದ. ಮೊಮ್ಮಗನ ನಾಮಕರಣದ ಕಾರ್ಡು. ಮಗುವಿಗೆ ಎರಡಕ್ಷರದ ಹೆಸರು. ಅರ್ಥವೇನಪ್ಪಾ ಎಂದು ಕೇಳಿದೆ. ಮೊಬೈಲ್ ತೆಗೆದು ಹುಡುಕತೊಡಗಿದ! ಬೆಂಚಿನ ಮೇಲೆ ಕುಳಿತಿದ್ದ ಅಜ್ಜನ ಹೆಸರು ಅರಭಾವಿಯ ದುರದುಂಡೇಶ್ವರನದು. ಪ್ರೂಫ್ ಕೈಗೆ ಕೊಟ್ಟಾಗ ಕಣ್ಣಿಗೆ ಹತ್ತಿರ ಹಿಡಿದು, “ಇದರಾಗ ನನ್ನ ಹೆಸರ ಎಲ್ಲೈತಿ?” ಎಂದ. ಮಗ, “ಅಪ್ಪಾ, ನೀ ಸುಮ್ಮನ ಕುಂದ್ರು” ಎಂದ. ಅಜ್ಜ ಸುಮ್ಮನೆ ಕುಳಿತ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮ್ಮ ಕಡೆ ಎಷ್ಟು ತಲೆಮಾರಿನ ರೂಢಿ! ಸೋದರತ್ತೆ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಕರೆಯುತ್ತಿದ್ದದ್ದು ಆ ಹೆಸರನ್ನೇ ಅಲ್ಲವೇ?

ಕಾರ್ಡು ನಾನೇ ಅಚ್ಚು ಹಾಕಿ ಕೊಟ್ಟೆ. ಹಣವನ್ನೂ ತೆಗೆದುಕೊಂಡೆ. ಮುಚ್ಚಿಡುವುದೇಕೆ?

ಒಂದು ವರ್ಷ ತುಂಬಿದರೆ ಕೇಕು, ಟೋಪಿ, ‘ಹ್ಯಾಪಿ ಬರ್ತ್‌ಡೇ’ ಬ್ಯಾನರು. ಮರಿ ಪುಢಾರಿಗಳ ಬ್ಯಾನರುಗಳಂತೂ ಹುಕ್ಕೇರಿಯ ರಸ್ತೆಯಿಂದ ಗೋಕಾಕಿನ ರಸ್ತೆಯವರೆಗೆ. ಇದೇ ದೊಡ್ಡ ಸಂಸ್ಕೃತಿ, ಯುರೋಪಿನವರ ರೀತಿ ಎಂದು ತಿಳಿದಿದ್ದಾರೆ. ಯುರೋಪಿನವರು ಏನು ಮಾಡುತ್ತಾರೆ ಗೊತ್ತೇ? ಗ್ರೀಸ್, ಪೋಲೆಂಡ್, ಹಂಗೇರಿ, ಸ್ವೀಡನ್, ಲಾಟ್ವಿಯಾಗಳಲ್ಲಿ ಹುಟ್ಟಿದ ದಿನದ ಜೊತೆಗೆ ಹೆಸರಿನ ದಿನವೂ ಉಂಟು. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಆ ದಿನದ ಹೆಸರುಗಳನ್ನು ಅಚ್ಚು ಹಾಕಿರುತ್ತಾರೆ. ಡಿಸೆಂಬರ್ 6 ಸಂತ ನಿಕೋಲಾಸನ ದಿನ. ಗ್ರೀಸಿನಲ್ಲಿ ನಿಕೋಲಾಸ್ ಎಂಬ ಹೆಸರಿನವರಿಗೆಲ್ಲ ಅಂದು ಹಬ್ಬ. ಲಾಟ್ವಿಯಾದಲ್ಲಿ ಜೂನ್ 24 ಯಾನಿಸ್ ಎಂಬ ಹೆಸರಿನವರ ದಿನ, ಇಡೀ ನಾಡಿಗೇ ಅಂದು ರಜೆ! ಕ್ಯಾಲೆಂಡರಿನಲ್ಲಿ ಹೆಸರಿಲ್ಲದವರಿಗೂ ಮೇ 22 ಎಂದು ಒಂದು ದಿನ ತೆಗೆದಿಟ್ಟಿದ್ದಾರೆ. ಸಣ್ಣ ದೇಶ, ಸಣ್ಣ ಭಾಷೆ. ಆದರೂ ಹೆಸರಿನ ಮೇಲೆ ಎಷ್ಟು ಅಭಿಮಾನ ನೋಡಿ! ನಮ್ಮವರು ಅವರಿಂದ ಕಲಿತದ್ದು ಮೇಣದಬತ್ತಿ ಊದಿ ಆರಿಸುವುದನ್ನು ಮಾತ್ರ.

ಹೋಗಲಿ, ಆ ಹುಟ್ಟುಹಬ್ಬವಾದರೂ ನಿಜವೇ? ನಮ್ಮ ಹಳ್ಳಿಗಳಲ್ಲಿ ಹಿರಿಯರ ದಾಖಲೆ ತೆಗೆದು ನೋಡಿ. ಎಷ್ಟೋ ಜನರದು ಜೂನ್ 1. ಹುಟ್ಟಿದ ದಿನ ಯಾರೂ ಬರೆದಿಡಲಿಲ್ಲ, ಶಾಲೆಗೆ ಸೇರಿಸುವಾಗ ಮಾಸ್ತರರು ಲೆಕ್ಕಕ್ಕೆ ಸರಿಯಾಗಿ ಒಂದು ತಾರೀಖು ಹಾಕಿದರು. ತಾರೀಖು ಮಾಸ್ತರರದು, ಹೆಸರು ಮಾತ್ರ ನಮ್ಮದು. ಆ ಹೆಸರಿಗೆ ದಿನವೂ ಇತ್ತು! ಬಸವ ಜಯಂತಿ ಎಂದರೆ ಬಸಪ್ಪ, ಬಸವ್ವರ ದಿನ. ದವನದ ಹುಣ್ಣಿಮೆ ಹಣಮಂತ, ಮಾರುತಿಯರದು. ಭಾರತ ಹುಣ್ಣಿಮೆಗೆ ಗುಡ್ಡದ ಯಲ್ಲಮ್ಮನ ಜಾತ್ರೆಯಾದರೆ ಅದು ಯಲ್ಲಪ್ಪ, ಯಲ್ಲವ್ವರದು. ನಾಗಪ್ಪನಿಗೆ ಪಂಚಮಿ, ಶಿವಪ್ಪನಿಗೆ ಶಿವರಾತ್ರಿ. ಮೊಹರಮ್ಮಿನ ಪಂಜಾ ಏಳುವಾಗ ಹುಸೇನಸಾಬನಷ್ಟೇ ಅಲ್ಲ, ಹರಕೆಯಿಂದ ಹುಟ್ಟಿದ ಫಕೀರಪ್ಪನೂ ತನ್ನ ದಿನವೆಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದ. ಮೊದಲು ಹುಟ್ಟಿದ ಕೂಸುಗಳು ಉಳಿಯದೇ ಹೋದರೆ ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಎಂದು ಕರೆದ ತಾಯಿಯ ಸಂಕಟ ಆ ಹೆಸರಿನಲ್ಲಿದೆ. ಅದನ್ನು ಕೇಳಿ ಕಾನ್ವೆಂಟ್ ಹುಡುಗರು ನಗುತ್ತಾರಂತೆ. ನಗುವವರದು ಇರಲಿ, ನಾಚುವ ಅಪ್ಪ ಅವ್ವಂದಿರಿಗೆ ಏನಾಗಿದೆ? ‘ಅಪ್ಪ’, ‘ಅವ್ವ’ ಎಂಬುದನ್ನೇ ಹೆಸರಿನಿಂದ ಕತ್ತರಿಸಲು ಕೋರ್ಟಿನಲ್ಲಿ ಅಫಿಡವಿಟ್ ಮಾಡಿಸುತ್ತಾರೆ!

ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರಲ್ಲಿ, ದೂರದ ಸವಣೂರಿನಲ್ಲಿ. ಇಂಗ್ಲಿಷ್ ಪ್ರಾಧ್ಯಾಪಕರು, ಆಕ್ಸ್‌ಫರ್ಡಿನಲ್ಲಿ ಓದಿದವರು. ಆದರೂ ನಮ್ಮೂರ ಹೆಸರನ್ನು ಕತ್ತರಿಸಿ ಒಗೆಯಲಿಲ್ಲ. ಆ ಹೆಸರೇ 1982ರಲ್ಲಿ ಇಡೀ ಕರ್ನಾಟಕದ ಘೋಷಣೆಯಾಯಿತು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಪಟಾಕಿ ಹೊಡೆದೆವು. ಊರಿನ ಹೆಸರಿಗೆ ಅಷ್ಟು ಹಟ ಹಿಡಿದವರು ಕೂಸಿನ ಹೆಸರಿನ ಮುಂದೆ ಏಕೆ ಮೆತ್ತಗಾದೆವು?

ಮಕ್ಕಳಿಗೆಲ್ಲ ಕಲ್ಲಪ್ಪ ಎಂದೇ ಇಡಿ ಎಂದು ನಾನು ಹೇಳುತ್ತಿಲ್ಲ. ಚೆಲುವಾದ ಹೊಸ ಕನ್ನಡ ಹೆಸರು ಬೇಕಾದಷ್ಟಿವೆ. ಆದರೆ ಅಜ್ಜನ ಹೆಸರು ಕಾರ್ಡಿನಿಂದ ಹೊರಗೆ ಬೀಳಬಾರದು, ಕಾರ್ಡು ಕನ್ನಡದಲ್ಲಿರಬೇಕು.

ಬರುವ ವರ್ಷದ ಕ್ಯಾಲೆಂಡರಿನಲ್ಲಿ ಹಬ್ಬ, ಜಾತ್ರೆ, ಉರುಸುಗಳ ಪಕ್ಕದಲ್ಲಿ ಆಯಾ ಹೆಸರುಗಳನ್ನೂ ಅಚ್ಚು ಹಾಕುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಂಧುಗಳೇ, ನಿಮ್ಮ ಊರಿನ ಜಾತ್ರೆ, ನಿಮ್ಮ ಮನೆಯ ಹಿರಿಯರ ಹೆಸರು ದೀಪಾವಳಿಯ ಒಳಗೆ ಬರೆದು ತಲುಪಿಸಿ. ಯಾವ ಜಾತ್ರೆಗೂ ಸೇರದ ಹೆಸರಿನವರು ಬೇಸರಪಡಬೇಡಿ. ಅವರೆಲ್ಲರಿಗೂ ನವೆಂಬರ್ 1ರ ಚೌಕ ಖಾಲಿ ಬಿಟ್ಟಿದ್ದೇನೆ.