ಲೋಕಲ್ ಚಾನೆಲ್‌ನ ಸ್ವಿಚ್ ಈಗ ಯಾರ ಕೈಲಿದೆ?

ಮಾಯಕೊಂಡ ಒಂದು ವಿಧಾನಸಭಾ ಕ್ಷೇತ್ರಕ್ಕೆ ಹೆಸರು ಕೊಟ್ಟ ಊರು. ಆದರೆ ಬೆಂಗಳೂರಿನ ನ್ಯೂಸ್ ಚಾನೆಲ್‌ಗಳಲ್ಲಿ ಈ ಹೆಸರು ಕಾಣೋದು ಹೆಚ್ಚಾಗಿ ಮತ ಎಣಿಕೆಯ ದಿನ, ಅದೂ ಪರದೆಯ ಕೆಳಗೆ ಓಡೋ ಪಟ್ಟಿಯಲ್ಲಿ. ಮೆಕ್ಕೆಜೋಳಕ್ಕೆ ಎಷ್ಟು ರೇಟ್ ಸಿಕ್ತು, ಗ್ರಾಮಸಭೆಯಲ್ಲಿ ಯಾರು ಏನು ಕೇಳಿದರು, ಹರಿಹರದ ಕಡೆ ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ಮುಟ್ಟಿತಾ? ಇಂಥದ್ದನ್ನು ಟಿವಿಯಲ್ಲಿ ತೋರಿಸೋಕೆ ಒಂದು ಕಾಲಕ್ಕೆ ದಾರಿ ಇತ್ತು: ಕೇಬಲ್ ಆಪರೇಟರ್ ನಡೆಸುತ್ತಿದ್ದ ಲೋಕಲ್ ಚಾನೆಲ್. ಯೂಟ್ಯೂಬ್ ಬಂತು, ಅದು ಮುಚ್ಚಿಹೋಯ್ತು ಅಂತ ಎಲ್ಲರೂ ಅಂತಾರೆ. ಅದು ಅರ್ಧ ಸತ್ಯ ಅಷ್ಟೇ.

1991ರ ಗಲ್ಫ್ ಯುದ್ಧದ ನಂತರ ದೇಶದ ಊರೂರಲ್ಲೂ ಹುಡುಗರು ತಾರಸಿ ಮೇಲೆ ಡಿಶ್ ಇಟ್ಟು, ಕಂಬದಿಂದ ಕಂಬಕ್ಕೆ ವೈರ್ ಎಳೆದರು. ಇದಕ್ಕೆಂದೇ ಕಾನೂನು ಬಂದಿದ್ದು 1995ರಲ್ಲಿ. ಅದರ ನೋಂದಣಿಯೂ ಆಗ ಅಂಚೆ ಕಚೇರಿಯಲ್ಲೇ ಆಗ್ತಿತ್ತು. ನಾನು ಎಂಜಿನಿಯರಿಂಗ್ ಓದಿದವನು, ಆ ಕಣ್ಣಿಂದಲೇ ಹೇಳ್ತೀನಿ: ಆ ಅನಲಾಗ್ ವ್ಯವಸ್ಥೆಯ ಸೊಗಸು ಅದರ ಸರಳತೆಯಲ್ಲಿತ್ತು. ಪ್ರತಿ ಚಾನೆಲ್‌ಗೂ ಒಂದೊಂದು ಫ್ರೀಕ್ವೆನ್ಸಿ. ಖಾಲಿ ಇರೋ ಫ್ರೀಕ್ವೆನ್ಸಿಗೆ ಒಂದು ಮಾಡ್ಯುಲೇಟರ್ ಹಾಕಿ, ಅದಕ್ಕೊಂದು ವಿಸಿಆರ್ ಅಥವಾ ಕ್ಯಾಮೆರಾ ಜೋಡಿಸಿದರೆ ಊರಿಗೊಂದು ಟಿವಿ ಸ್ಟೇಷನ್ ರೆಡಿ. ಸ್ವಿಚ್ ಊರಲ್ಲೇ ಇತ್ತು.

ಅದರಲ್ಲಿ ಬರ್ತಿದ್ದುದೆಲ್ಲ ಬಂಗಾರವೇನಲ್ಲ. ಕದ್ದ ಸಿನಿಮಾ, ಆಭರಣದಂಗಡಿ ಜಾಹೀರಾತು, ಲೀಡರ್ ಹುಟ್ಟುಹಬ್ಬ ಎಲ್ಲವೂ ಇತ್ತು. ಆದರೆ ಅದೇ ವೈರ್‌ನಿಂದ ಇನ್ನೇನು ಸಾಧ್ಯ ಅಂತ ನೋಡೋಕೆ ಕೋಲಾರ ಜಿಲ್ಲೆಯ ಬೂದಿಕೋಟೆಗೆ ಹೋಗಬೇಕು. 2000ದ ದಶಕದ ಆರಂಭದಲ್ಲಿ ಅಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 'ನಮ್ಮ ಧ್ವನಿ' ಶುರು ಮಾಡಿದವು. ಹಳ್ಳಿಯವರಿಗೆ ರೇಡಿಯೋ ತರಂಗ ಬಳಸೋಕೆ ಆಗ ಅನುಮತಿ ಇರಲಿಲ್ಲ. ಹಾಗಾಗಿ ಅವರು ಊರಿನ ಕೇಬಲ್ ವೈರ್ ಹಿಡಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಊರವರೇ ಮಾಡಿದ ಕಾರ್ಯಕ್ರಮ ಮನೆಮನೆಯ ಟಿವಿಯಲ್ಲಿ ಕೇಳಿಸ್ತು. ಇದು ಸಾಧ್ಯವಾಗಿದ್ದು ಊರಿನ ಕೇಬಲ್ ಆಪರೇಟರ್ ಒಬ್ಬ ಒಪ್ಪಿದ್ದರಿಂದ. ದೆಹಲಿಯನ್ನೋ ಬೆಂಗಳೂರನ್ನೋ ಕೇಳಬೇಕಿರಲಿಲ್ಲ.

ಆಮೇಲೆ ಬಂತು ಡಿಜಿಟೈಸೇಶನ್. 2011ರ ಕೊನೆಗೆ ಕಾನೂನಿಗೆ ತಿದ್ದುಪಡಿ ಆಯ್ತು. ಮೊದಲು ಮಹಾನಗರಗಳು, 2013ರಲ್ಲಿ ಬೆಂಗಳೂರು, ಮೈಸೂರು, 2015ರ ಕೊನೆಗೆ ದಾವಣಗೆರೆಯಂಥ ಉಳಿದ ನಗರಗಳು, 2017ರ ಮಾರ್ಚ್‌ಗೆ ಹಳ್ಳಿಗಳು ಅಂತ ಗಡುವು. ಚಿತ್ರ ಚೆನ್ನಾಯ್ತು, ಚಾನೆಲ್ ಹೆಚ್ಚಾದವು, ನಿಜ. ಆದರೆ ಈಗ ಸಿಗ್ನಲ್ ಎನ್‌ಕೋಡ್ ಆಗೋದು, ಲಾಕ್ ಆಗೋದು ಎಲ್ಲ ಎಂಎಸ್‌ಒ ಅನ್ನೋ ದೊಡ್ಡ ಕೇಬಲ್ ಕಂಪನಿಯ ಹೆಡ್‌ಎಂಡ್‌ನಲ್ಲಿ. ದುಡ್ಡಿದ್ದ ಕೆಲವರು ತಾವೇ ಎಂಎಸ್‌ಒ ಆದರು. ಉಳಿದ ಆಪರೇಟರ್‌ಗಳು ಬಿಲ್ ವಸೂಲಿಗೆ, ವೈರ್ ರಿಪೇರಿಗೆ ಸೀಮಿತರಾದರು. ಅಂದ್ರೆ ಯೂಟ್ಯೂಬ್ ಪೂರ್ತಿ ಗೆಲ್ಲೋಕೆ ಮುಂಚೆಯೇ ಸ್ವಿಚ್ ಊರು ಬಿಟ್ಟಿತ್ತು.

2022ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಈ ಲೋಕಲ್ ಚಾನೆಲ್‌ಗಳಿಗೆ 'ಪ್ಲಾಟ್‌ಫಾರ್ಮ್ ಸರ್ವಿಸ್' ಅಂತ ಹೆಸರಿಟ್ಟು ಮಾರ್ಗಸೂಚಿ ಹೊರಡಿಸಿತು. ಚಾನೆಲ್‌ಗೆ ನೋಂದಣಿ ಶುಲ್ಕ 1,000 ರೂಪಾಯಿ. ಒಟ್ಟು ಚಾನೆಲ್‌ಗಳಲ್ಲಿ ಶೇ. 5ರ ಮಿತಿ, ಅದರ ಮೇಲೆ ಜಿಲ್ಲೆಗೆ 2 ಹೆಚ್ಚುವರಿ ಚಾನೆಲ್. ಕೇಳೋಕೆ ಚೆನ್ನಾಗಿದೆ. ಆದರೆ ಈ ಹಕ್ಕು ಕೊಟ್ಟಿದ್ದು ಎಂಎಸ್‌ಒಗೆ, ಊರಿಗಲ್ಲ. ಸ್ಥಳೀಯ ಸುದ್ದಿ ಕೊಡೋಕೆ ಕಂಪನಿಯೇ ಆಗಿರಬೇಕು. ಬೂದಿಕೋಟೆಯಂಥ ಒಂದು ಮಹಿಳಾ ಸಂಘ ನಾಳೆ ಬಂದು 'ನಮಗೆ ದಿನಕ್ಕೆ ಅರ್ಧ ಗಂಟೆ ಕೊಡಿ' ಅಂದರೆ, ಕೊಡಲೇಬೇಕು ಅನ್ನೋ ನಿಯಮ ಅದರಲ್ಲಿಲ್ಲ.

'ಮೊಬೈಲ್ ಇದೆಯಲ್ಲ, ಯಾರು ಬೇಕಾದ್ರೂ ಚಾನೆಲ್ ಮಾಡಬಹುದಲ್ಲ' ಅಂತ ನೀವು ಕೇಳಬಹುದು. ಮಾಡಬಹುದು, ಮಾಡ್ತಲೂ ಇದ್ದಾರೆ. ಆದರೆ ಯೂಟ್ಯೂಬ್‌ನ ಅಲ್ಗಾರಿದಮ್‌ಗೆ ಮುನ್ನೂರು ಮನೆಯ ಊರು ಒಂದು ಮಾರ್ಕೆಟ್ಟೇ ಅಲ್ಲ. ನಾಲೆ ನೀರಿನ ಸುದ್ದಿಗಿಂತ ಬಸ್ ಸ್ಟ್ಯಾಂಡ್ ಜಗಳ ಹೆಚ್ಚು ಓಡುತ್ತೆ. ಹಳೇ ಲೋಕಲ್ ಚಾನೆಲ್‌ಗೆ ಒಂದು ಗುಣ ಇತ್ತು: ಅದು ಯಾರೂ ಹುಡುಕದೇ ಇದ್ರೂ ಊರಿನ ಪ್ರತಿ ಕನೆಕ್ಷನ್‌ಗೂ ತಲುಪುತ್ತಿತ್ತು.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಅಮೆರಿಕದ 1984ರ ಕೇಬಲ್ ಕಾನೂನು, ಸಾರ್ವಜನಿಕರಿಗೆ, ಶಿಕ್ಷಣಕ್ಕೆ, ಸ್ಥಳೀಯ ಸರ್ಕಾರಕ್ಕೆ ಚಾನೆಲ್ ಬಿಟ್ಟುಕೊಡಿ ಅಂತ ಕಂಪನಿಗಳಿಗೆ ಷರತ್ತು ಹಾಕೋ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಕೇಬಲ್ ಆದಾಯದಲ್ಲಿ ಶೇ. 5ರವರೆಗೆ ಶುಲ್ಕ ವಸೂಲಿ ಮಾಡೋಕೂ ಬಿಟ್ಟಿತು. ನಮ್ಮ ಬೀದಿಯಲ್ಲಿ ವೈರ್ ಎಳೀತೀರಾ, ನಮಗೂ ಪಾಲು ಕೊಡಿ ಅನ್ನೋ ಸರಳ ಲೆಕ್ಕ. ತರಂಗಗಳು ಸಾರ್ವಜನಿಕ ಸ್ವತ್ತು ಅಂತ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಬೀದಿ, ಕಂಬಗಳೂ ಸಾರ್ವಜನಿಕರವೇ ತಾನೇ?

ಆ ಎರಡು ಹೆಚ್ಚುವರಿ ಚಾನೆಲ್‌ಗಳಲ್ಲಿ ಕನಿಷ್ಠ ಒಂದನ್ನು ಪಾಲಿಕೆ ಸಭೆ, ಗ್ರಾಮಸಭೆ, ಎಪಿಎಂಸಿ ದರ, ಊರವರ ಕಾರ್ಯಕ್ರಮಕ್ಕೆ ಮೀಸಲಿಡಬೇಕು. ಮಾಡೋಕೆ ಸಂಘಗಳಿಗೂ ಹಕ್ಕಿರಬೇಕು. ಇದನ್ನು ಕೇಳಬೇಕಾದವರು ನಾವೇ. ಶುರು ಮಾಡೋಕೆ ದೊಡ್ಡ ಹೋರಾಟವೇನೂ ಬೇಡ. ಈ ತಿಂಗಳು ಕೇಬಲ್ ಬಿಲ್‌ಗೆ ಬರೋ ಅಣ್ಣನನ್ನು ಕೇಳಿ: 'ನಮ್ಮ ಗ್ರಾಮಸಭೆನ ಟಿವಿಯಲ್ಲಿ ಹಾಕಬೇಕು ಅಂದ್ರೆ ಯಾರನ್ನ ಕೇಳಬೇಕಣ್ಣ?' ಅವರು ಹೇಳೋ ಊರಿನ ಹೆಸರು ನಿಮ್ಮೂರಿನದ್ದಾ ಅಂತ ನೋಡಿ.